ಸಾಹುಕಾರರಿಲ್ಲದೆ ಸಾಗುವಾನಿಗೆ ಪಾಸ್ ಮಾಡಿಸಿದ್ದು

ತೋಟದ ಅಂಚಿನ ಸಾಗುವಾನಿ ಕಡಿದು ಸಾಗಿಸಲು ಅರಣ್ಯ ಇಲಾಖೆಗೆ ನಾನೇ ಅರ್ಜಿ ಹಾಕ್ತೇನೆ ಅಂದಾಗ ಊರಲ್ಲಿ ಒಬ್ಬರೂ ನಂಬಲಿಲ್ಲ. "ಮರದ ಸಾಹುಕಾರರು ಇಲ್ದೆ ಪಾಸ್ ಆಗಲ್ಲ ಮಾರಾಯ" ಎಂದರು. ಸಾಹುಕಾರರೆಂದರೆ ಮರದ ವ್ಯಾಪಾರಿಗಳು, ಪಾಸ್ ಎಂದರೆ ಮರ ಸಾಗಿಸಲು ಇಲಾಖೆ ಕೊಡುವ ಪರವಾನಗಿ. ಸಾಹುಕಾರರು 35 ಮರಕ್ಕೆ ನಿಂತಲ್ಲೇ 2 ಲಕ್ಷದ ಆಸುಪಾಸು ಹೇಳಿದ್ದರು. ಖರ್ಚೆಲ್ಲ ಕಳೆದು ಕೊನೆಗೆ ನನ್ನ ಕೈಗೆ ಬಂದದ್ದು 4 ಲಕ್ಷಕ್ಕೆ ಸ್ವಲ್ಪ ಕಮ್ಮಿ.

ಮರ ಕಡಿಯಲು ಅನುಮತಿ ಬೇಕೆನ್ನುವುದು 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ. ಸಿಲ್ವರ್ ಓಕ್, ನೀಲಗಿರಿಗೆ ವಿನಾಯಿತಿ. ಸಾಗುವಾನಿಗೆ ಇಲ್ಲ, ಹಿಡುವಳಿ ಜಮೀನಾದರೂ ಅನುಮತಿ ಬೇಕು. ಮೊದಲ ಅರ್ಜಿ ವಾಪಸ್ ಬಂತು. ಪಹಣಿ ಜಂಟಿ ಇತ್ತು, ಅಣ್ಣನ ಒಪ್ಪಿಗೆ ಪತ್ರ ಕೇಳಿದರು. ಕೊಟ್ಟೆ. ಆಮೇಲೆ ಫೈಲು ತಿಂಗಳುಗಟ್ಟಲೆ ಅಲ್ಲಾಡಲಿಲ್ಲ. ಕಾರಣ ತಿಳಿದದ್ದು ಜಾಗ ನೋಡಲು ಬಂದ ಗಾರ್ಡ್ ಬಾಯಿಂದ. ನಮ್ಮ ಜಮೀನಿಗೆ ತಾಗಿಯೇ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಜಾಗ. ಗಡಿಯಾಚೆಯ ಒಂದೇ ಒಂದು ಮರ ಪಟ್ಟಿಗೆ ಸೇರಿದರೂ ಅದು ಸರ್ಕಾರದ ಮರ, ಸಹಿ ಹಾಕಿದವರ ನೌಕರಿಗೇ ಕುತ್ತು. ಯಾರು ಸುಮ್ನೆ ಸಹಿ ಹಾಕ್ತಾರೆ? ದುಡ್ಡು ಕೊಟ್ಟರೂ ಆ ಭಯ ಹೋಗುವುದಿಲ್ಲ.

ಹಾಗಾಗಿ ಮರದ ಕಡತ ಬದಿಗಿಟ್ಟು ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಹಾಕಿದೆ. ಸರ್ವೆ ಆಯಿತು, ಕಲ್ಲು ನೆಡಿಸಿದೆ. ಶುಲ್ಕ, ಕಲ್ಲು, ಆಳಿನ ಸಂಬಳ ಸೇರಿ 10 ಸಾವಿರ ಆಗಿರಬೇಕು. "ಕಡಿಯೋದು ಮರ, ಇವ ಕಲ್ಲು ನೆಡ್ತಿದಾನೆ" ಎಂದು ಜನ ನಕ್ಕರು. ಗಡಿಗೆ ತೀರಾ ಹತ್ತಿರದ ನಾಲ್ಕೈದು ಮರ ಕೈಬಿಟ್ಟೆ. ಉಳಿದವಕ್ಕೆ ಪೇಂಟಲ್ಲಿ ನಂಬರ್ ಹಾಕಿ, ಎದೆಮಟ್ಟದ ಸುತ್ತಳತೆ, ಹತ್ತಿರದ ಗಡಿಕಲ್ಲಿನಿಂದ ಎಷ್ಟು ದೂರ ಎಂಬುದನ್ನು ಪಟ್ಟಿ ಮಾಡಿ ನಕ್ಷೆಯ ಜೊತೆ ಕೊಟ್ಟೆ. ಈ ಸಲ ತನಿಖೆ ಅರ್ಧ ದಿನದಲ್ಲಿ ಮುಗಿಯಿತು. ಫಾರೆಸ್ಟರ್ ತಮಗೆ ಬೇಕಾದ ಮರ ಆರಿಸಿ ಟೇಪು ಹಿಡಿದರು, ಒಂದೂ ತಪ್ಪಿರಲಿಲ್ಲ. ಇಷ್ಟು ನೀಟಾದ ಪಟ್ಟಿ ನಮ್ಮ ಕಡೆ ಇನ್ಯಾರೂ ಕೊಟ್ಟಿರಲಿಕ್ಕಿಲ್ಲ. ಅದರಲ್ಲಿ ಇನ್ನೊಂದು ಕಾಲಂ ಕೂಡ ಇತ್ತು. ಅದೇನೆಂದು ಈಗ ಹೇಳುವುದಿಲ್ಲ, ಅಣ್ಣನ ಪಾಲಿನ ಮರ ಇನ್ನೂ ಬಾಕಿ ಇದೆ.

ನಡುವೆ ಒಂದು ಲೆಕ್ಕವನ್ನೂ ಪರೀಕ್ಷೆ ಮಾಡಿದೆ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವ ಕಾಲು ಸುತ್ತಳತೆ ಲೆಕ್ಕದಲ್ಲಿ 4 ಅಡಿ ಸುತ್ತು, 20 ಅಡಿ ಉದ್ದದ ಮರ 20 ಸಿಎಫ್‌ಟಿ (ಘನ ಅಡಿ). ಕಡಿದ ಮೇಲೆ ಅದೇ ದಿಮ್ಮಿಯ ನಡುವೆ ಅಳೆದರೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಇಳಿಯಿತು. ತೊಗಟೆ ಕಳೆದರೆ ಇನ್ನೂ ಕಮ್ಮಿ. ವ್ಯಾಪಾರ ಮಾತಾಡುವಾಗ ಈ ಇಳಿತ ತಲೆಯಲ್ಲಿರಲಿ.

ದಿಮ್ಮಿ ಪಟ್ಟಿ, ದಿಮ್ಮಿಗೆ ಇಲಾಖೆ ಸುತ್ತಿಗೆಯಿಂದ ಒತ್ತುವ ಹ್ಯಾಮರ್ ಗುರುತು ಎಲ್ಲ ಸಲೀಸಾಗಿ ಆಯಿತು. ಪಾಸ್‌ಗೆ ಮಾತ್ರ ಲಾರಿ ಗಟ್ಟಿಯಾದ ಮೇಲೆ ಹೋಗಿ. ಅದರಲ್ಲಿ ಗಾಡಿ ನಂಬರ್, ದಾರಿ, ಅವಧಿ ಎಲ್ಲ ಇರುತ್ತದೆ. ನಮ್ಮ ಲಾರಿ ಕೆಟ್ಟು, ಬೇರೆ ಗಾಡಿಗೆ ಪಾಸ್ ಬದಲಿಸುವಷ್ಟರಲ್ಲಿ ಎರಡು ದಿನದ ಬಾಡಿಗೆ, ಲೋಡಿಂಗ್ ಕೂಲಿ ದಂಡ ಆಯಿತು.

ಕಡಿದ ಮರಕ್ಕೆ ಬದಲಿ ಸಸಿ ನೆಡಬೇಕೆಂಬ ಅನುಮತಿಯ ಷರತ್ತಿಗೆ ಹೊನ್ನೆ, ಹಲಸು ಹಾಕಿದ್ದೇನೆ. ಎಲ್ಲವೂ ಗಡಿಕಲ್ಲಿನಿಂದ 15 ಅಡಿ ನಮ್ಮ ಜಮೀನಿನ ಒಳಕ್ಕೆ, ಈಗಲೇ ನಂಬರ್ ಸಮೇತ.