ಮಗ ಸ್ತ್ರೀವೇಷ ಮಾಡ್ತೇನೆ ಅಂದಾಗ

ನನ್ನ ಮಗ ಯಕ್ಷಗಾನ ತರಗತಿಗೆ ಸೇರಿದಾಗ ಉಡುಪಿಯ ನಮ್ಮ ನೆಂಟರಿಗೆಲ್ಲ ಖುಷಿ. ಸ್ತ್ರೀವೇಷವೇ ಬೇಕು ಅಂದಾಗ ಮಾತ್ರ ಒಬ್ಬೊಬ್ಬರ ದನಿಯೂ ಬದಲಾಯಿತು. ನಿಮ್ಮ ಮನೆಯಲ್ಲೂ ಮಗುವಿನ ಆಸೆಯೊಂದು "ಜನ ನಗ್ತಾರೆ" ಎಂಬ ಹೆದರಿಕೆಗೆ ಸಿಕ್ಕಿಕೊಂಡಿದ್ದರೆ, ನಮಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ.

"ಜನರ ಮಾತು ಕೇಳಬೇಡ" ಅನ್ನಬೇಡಿ. ಕೇಳಿಸುತ್ತದೆ ಅಲ್ವಾ! ಯಾರು ಅಂದರು, ಎಲ್ಲಿ ಅಂದರು ಎಂದು ವಿಚಾರಿಸಿ. ನನ್ನ ಮಗ "ಎಲ್ಲರೂ ನಗ್ತಾರೆ" ಅಂದದ್ದು ಕೊನೆಗೆ ಶಾಲೆಯ ವ್ಯಾನಿನ ಇಬ್ಬರು ಹುಡುಗರು. ಅವರಿಗೆ ಹೇಳಲು ಒಂದು ಮಾತು ಸಾಕು: "ಹೌದು, ನಂದು ಸ್ತ್ರೀವೇಷ. ಆಟ ನೋಡ್ಲಿಕ್ಕೆ ಬಾ." ಸಲೀಸಾಗಿ ಬಾಯಿಗೆ ಬರುವವರೆಗೆ ಮನೆಯಲ್ಲೇ ಹೇಳಿಸಿದೆ. (ಆಟ ಅಂದರೆ ನಮ್ಮ ಕಡೆ ಯಕ್ಷಗಾನ ಪ್ರದರ್ಶನ.)

ನೆಂಟರಿಗೆ ಉತ್ತರ ಕೊಡಬೇಕಾದ್ದು ನೀವು, ಅದೂ ಮಗುವಿನ ಎದುರೇ. ಮದುವೆ ಊಟದ ಪಂಕ್ತಿಯಲ್ಲಿ ನನ್ನ ಸೋದರತ್ತೆ, "ಎಂತ ಮಾರಾಯ್ತಿ, ಹುಡುಗನಿಗೆ ಸೀರೆ ಉಡಿಸುದಾ?" ಅಂದರು. "ಹೌದತ್ತೆ, ದಾಕ್ಷಾಯಿಣಿ ಮಾಡ್ತಾನೆ. ಚಂದ ಕುಣಿತಾನೆ. ನೀವು ಬಂದು ಎದುರಿನ ಸಾಲಲ್ಲೇ ಕೂತ್ಕೊಳ್ಬೇಕು" ಅಂದೆ. ಜಗಳವಿಲ್ಲ, ಸಮಜಾಯಿಷಿಯೂ ಇಲ್ಲ. ಮಗ ತಲೆ ತಗ್ಗಿಸಿ ಪಾಯಸ ಸುರಿಯುತ್ತಲೇ ಎಲ್ಲ ಕೇಳಿಸಿಕೊಂಡ. "ಏನೋ ಮಕ್ಕಳಾಟ, ನಾಳೆ ಬಿಡ್ತಾನೆ" ಎಂದು ನಾವು ಜಾರಿಕೊಂಡರೆ, ಅಮ್ಮನಿಗೂ ನಾಚಿಕೆ ಎಂದೇ ಮಗು ತಿಳಿಯುತ್ತದೆ.

ಮೊದಲೇ ಆ ದಾರಿಯಲ್ಲಿ ನಡೆದವರನ್ನು ತೋರಿಸಿ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಕೋಳ್ಯೂರು ರಾಮಚಂದ್ರ ರಾಯರು ಸ್ತ್ರೀವೇಷದಿಂದಲೇ ಹೆಸರಾದವರು. ಮಗಳಿಗೆ ಭಾಗವತಿಕೆಯ, ಅಂದರೆ ಯಕ್ಷಗಾನದ ಹಾಡುಗಾರಿಕೆಯ ಆಸೆಯಿದ್ದರೆ ಲೀಲಾವತಿ ಬೈಪಾಡಿತ್ತಾಯರ ಪದ ಕೇಳಿಸಿ. ಗಂಡಸರೇ ತುಂಬಿದ್ದ ಮೇಳದಲ್ಲಿ ಜಾಗಟೆ ಹಿಡಿದು ಹಾಡಿದವರು ಅವರು.

ನೋಡುವವರನ್ನು ಮೆಲ್ಲಗೆ ಹೆಚ್ಚಿಸಿ. ಮೊದಲು ಅಜ್ಜಿ, ಆಮೇಲೆ ಪಕ್ಕದ ಮನೆ ಮಕ್ಕಳು, ನಂತರ ರಂಗಸ್ಥಳ. ಗುರುಗಳು "ಹೆಜ್ಜೆ ತಾಳಕ್ಕೆ ಕೂರ್ತಿಲ್ಲ" ಅಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು. ವ್ಯಾನಿನ ಮಾತನ್ನಲ್ಲ. ಈ ವ್ಯತ್ಯಾಸ ಮಕ್ಕಳಿಗೆ ನಮಗಿಂತ ಬೇಗ ಗೊತ್ತಾಗುತ್ತದೆ.

ಆಟದ ರಾತ್ರಿ ಚೌಕಿಗೆ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗಕ್ಕೆ, ತೆಂಗಿನೆಣ್ಣೆ, ಹಳೆ ಪಂಚೆಯ ತುಂಡು ಒಯ್ಯಿರಿ. ಮುಖದ ಬಣ್ಣ ಹೇಗೂ ಹೋಗುತ್ತದೆ. ಕಣ್ಣಂಚಿನ ಕಪ್ಪು ಮಾತ್ರ ಬೇಗ ಬಿಡುವುದಿಲ್ಲ. ಕಣ್ಣು ಮುಚ್ಚಿಸಿ, ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಒರೆಸಿ. ಮರುದಿನ ಶಾಲೆಯಿದ್ದರೆ ಪೂರ್ತಿ ತೆಗೆಯಬೇಕೋ, ಚೂರು ಉಳಿದರೂ ಅಡ್ಡಿಯಿಲ್ಲವೋ ಎಂದು ಅವನನ್ನೇ ಕೇಳಿ. ಅವನು ಹೇಳಿದಂತೆ ಮಾಡಿ.