ಎಸ್‌ಎಂಪಿಎಸ್ ವಿಮರ್ಶೆ: ಪರೀಕ್ಷೆ ಗೋಡೆಯ ಪ್ಲಗ್ಗಿನಿಂದಲೇ ಶುರುವಾಗಲಿ

ಸ್ವಂತವಾಗಿ ಕಂಪ್ಯೂಟರ್ ಜೋಡಿಸಿಕೊಳ್ಳುವ ಹವ್ಯಾಸದವರು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಗಂಟೆಗಟ್ಟಲೆ ಚೌಕಾಸಿ ಮಾಡಿ, ಕೊನೆಗೆ ಜೇಬಿನಲ್ಲಿ ಉಳಿದ ಹಣಕ್ಕೆ ಸಿಕ್ಕಿದ ಎಸ್‌ಎಂಪಿಎಸ್ ಅನ್ನು ಚೀಲಕ್ಕೆ ಹಾಕಿಕೊಂಡು ಬರುವುದು ಹೊಸತೇನಲ್ಲ. ಗೋಡೆಯಿಂದ ಬರುವ 230 ವೋಲ್ಟ್ ಎಸಿ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳ ಡಿಸಿಯಾಗಿ ಬದಲಿಸಿ ಎಲ್ಲ ಭಾಗಗಳಿಗೂ ಹಂಚುವ ಈ ಪೆಟ್ಟಿಗೆ ಕೆಟ್ಟರೆ, ಮದರ್‌ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗುವುದುಂಟು. ಇಂಥ ವಸ್ತುವನ್ನು ಪರೀಕ್ಷಿಸಿ ಬರೆಯಲು ಹೊರಟವರಿಗೆ ಹೊರದೇಶಗಳ ಪ್ರಯೋಗಾಲಯಗಳು ಕೊಡುವ ಅಂಕಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಏಪ್ರಿಲ್–ಮೇ ತಿಂಗಳ ಸಂಜೆಯ ಮಳೆಗೆ ಕೊಂಬೆಯೊಂದು ತಂತಿಯ ಮೇಲೆ ಬಿದ್ದು ಕರೆಂಟು ಕ್ಷಣಕಾಲ ಹೋಗಿ ಬರುವ ಬೆಂಗಳೂರಿನ ಮನೆಯಲ್ಲಿ ಅದೇ ಎಸ್‌ಎಂಪಿಎಸ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇಲ್ಲಿಯೇ ಕುಳಿತು ನೋಡಿ ಬರೆಯಬೇಕಾಗುತ್ತದೆ.

ಮೊದಲು ಅರ್ಥಿಂಗ್

ಪೆಟ್ಟಿಗೆ ಬಿಚ್ಚುವ ಮೊದಲು ಪರೀಕ್ಷೆ ನಡೆಸುವ ಪ್ಲಗ್ ಪಾಯಿಂಟನ್ನು ಪರೀಕ್ಷಿಸಬೇಕು. ಮಲ್ಟಿಮೀಟರನ್ನು ಎಸಿ ವೋಲ್ಟೇಜಿನ ಸ್ಥಾನದಲ್ಲಿಟ್ಟು ಫೇಸ್ (ಕರೆಂಟು ಬರುವ ತಂತಿ) ಮತ್ತು ಅರ್ಥ್ (ನೆಲಕ್ಕೆ ಹೋಗುವ ರಕ್ಷಣೆಯ ತಂತಿ) ನಡುವೆ ಅಳೆದರೆ ಸುಮಾರು 230 ವೋಲ್ಟ್ ಬರಬೇಕು. ನ್ಯೂಟ್ರಲ್ (ಕರೆಂಟು ಮರಳುವ ತಂತಿ) ಮತ್ತು ಅರ್ಥ್ ನಡುವೆ ಬರುವ ಅಂಕಿ ಒಂದೆರಡು ವೋಲ್ಟ್ ಮೀರದಿದ್ದರೆ ಒಳ್ಳೆಯದು. ಈ ಕೆಲಸ ರೂಢಿಯಿಲ್ಲದವರು ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು. ಹಳೆಯ ಬಡಾವಣೆಗಳ ಬಾಡಿಗೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ದೊಡ್ಡ ತೂತಿಗೆ ಅರ್ಥ್ ತಂತಿಯೇ ಇಲ್ಲದಿರುವುದು ಅಪರೂಪವಲ್ಲ.

ಅರ್ಥ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ವಿಮರ್ಶಕರು ಅರಿತಿರಲೇಬೇಕು. ವಿದ್ಯುತ್ತಿನ ಗದ್ದಲವನ್ನು ನೆಲಕ್ಕೆ ಹರಿಸಲು ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಚಿಕ್ಕ ಕೆಪಾಸಿಟರನ್ನು (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ) ಲೋಹದ ಕವಚಕ್ಕೆ ಜೋಡಿಸಿರುತ್ತಾರೆ. ಕವಚಕ್ಕೆ ಅರ್ಥ್ ಸಿಗದಾಗ ಈ ಎರಡು ಕೆಪಾಸಿಟರುಗಳು ವೋಲ್ಟೇಜನ್ನು ಅರ್ಧಕ್ಕೆ ಹಂಚುವುದರಿಂದ ಕ್ಯಾಬಿನೆಟ್ಟಿನ ಮೇಲೆ ಸುಮಾರು 115 ವೋಲ್ಟ್ ಕಾಣಿಸಿಕೊಳ್ಳುತ್ತದೆ. ಹರಿಯುವ ಕರೆಂಟು ಅತ್ಯಲ್ಪವಾದರೂ ಬರಿಗಾಲಿನಲ್ಲಿ ನಿಂತು ಮುಟ್ಟಿದವರ ಕೈ ಜುಮ್ಮೆನ್ನುತ್ತದೆ. ಹೊಸ ಎಸ್‌ಎಂಪಿಎಸ್ ಒಂದು ಶಾಕ್ ಹೊಡೆಯುತ್ತದೆ ಎಂದು ನಾನೇ ಒಮ್ಮೆ ಅಂಗಡಿಗೆ ಹಿಂತಿರುಗಿಸಲು ಹೋಗಿದ್ದೆ. ಅಲ್ಲಿಯ ಸಾಕೆಟ್ಟಿಗೆ ಹಾಕಿದಾಗ ಅದು ಸುಮ್ಮನಿತ್ತು. ತಪ್ಪು ನನ್ನ ಮನೆಯ ಗೋಡೆಯಲ್ಲಿತ್ತು. ಸ್ಪೈಕ್ ಗಾರ್ಡ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಹೆಚ್ಚುವರಿ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವಂತೆ ರೂಪಿಸಿದ ಗಾರ್ಡ್‌ಗೆ ಅರ್ಥ್ ತಂತಿಯೇ ಇಲ್ಲದಿದ್ದರೆ ಅದು ಬಹುಪಾಲು ಬರಿಯ ಎಕ್ಸ್‌ಟೆನ್ಷನ್ ಬೋರ್ಡ್.

ಲೇಬಲ್ ಓದುವುದು

ಮುಂದಿನ ಹೆಜ್ಜೆ ಪಕ್ಕದ ಲೇಬಲ್. ರಟ್ಟಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ವಾಟ್ ಅಂಕಿಯನ್ನು ಬದಿಗಿಟ್ಟು 12 ವೋಲ್ಟ್ ಸಾಲಿನ, ಅಂದರೆ 12 ವೋಲ್ಟ್ ಹೊರಬರುವ ದಾರಿಯ, ಆಂಪಿಯರ್ ನೋಡಬೇಕು, ಏಕೆಂದರೆ ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಆ ಸಾಲಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತವೆ. 12 ವೋಲ್ಟಿಗೆ 37 ಆಂಪಿಯರ್ ಎಂದಿದ್ದರೆ 444 ವಾಟ್ ಸಿಗುತ್ತದೆ. 450 ವಾಟ್ ಎಂಬ ಹೆಸರಿಗೆ ಅದು ಒಪ್ಪುತ್ತದೆ. ಅದೇ ಹೆಸರಿನ ಅಗ್ಗದ ಪೆಟ್ಟಿಗೆಯಲ್ಲಿ 18 ಆಂಪಿಯರ್ ಎಂದಿದ್ದರೆ ಸಿಗುವುದು 216 ವಾಟ್ ಮಾತ್ರ. ಈ ಗುಣಾಕಾರವನ್ನು ವಿಮರ್ಶೆಯ ಮೊದಲ ಪ್ಯಾರಾದಲ್ಲಿಯೇ ಬರೆದುಬಿಟ್ಟರೆ ಎಷ್ಟೋ ಓದುಗರ ಹಣ ಉಳಿಯುತ್ತದೆ.

2004ರಲ್ಲಿ ಆರಂಭವಾದ 80 ಪ್ಲಸ್ ಗುರುತು ಹೇಳುವುದು ದಕ್ಷತೆಯನ್ನು, ಅಂದರೆ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಭಾಗಗಳಿಗೆ ತಲುಪುತ್ತದೆ ಎಂಬುದನ್ನು ಮಾತ್ರ. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆಗೆ (ಪೆಟ್ಟಿಗೆಯ ವಾಟ್ ಸಾಮರ್ಥ್ಯದ ಅರ್ಧ ಬಳಸುವಾಗ) ಬ್ರಾಂಜ್ ದರ್ಜೆಯದು ಶೇ 85, ಗೋಲ್ಡ್ ದರ್ಜೆಯದು ಶೇ 90 ತಲುಪಬೇಕು. ಉಳಿದದ್ದು ಶಾಖವಾಗಿ ಹೋಗುತ್ತದೆ. ಗೋಲ್ಡ್ ಗುರುತಿದ್ದ ಮಾತ್ರಕ್ಕೆ ವೋಲ್ಟೇಜ್ ಸ್ಥಿರವಾಗಿರುತ್ತದೆ ಎಂದಾಗಲಿ, ಶಾರ್ಟ್ ಸರ್ಕ್ಯೂಟ್ ಆದಾಗ ರಕ್ಷಣೆ ಕೆಲಸ ಮಾಡುತ್ತದೆ ಎಂದಾಗಲಿ ಅರ್ಥವಲ್ಲ. ಸೈಬೆನೆಟಿಕ್ಸ್ ಸಂಸ್ಥೆಯ ಶ್ರೇಣಿಗಳು ಫ್ಯಾನಿನ ಸದ್ದನ್ನೂ ಅಳೆಯುವುದರಿಂದ ಅವನ್ನು ಜೊತೆಗಿಟ್ಟು ಓದುವುದು ಮೇಲು.

ಹೊರೆ ಹಾಕಿ ಅಳೆಯುವುದು

ಮದರ್‌ಬೋರ್ಡಿಗೆ ಹೋಗುವ ಕನೆಕ್ಟರಿನ ಹಸಿರು ತಂತಿಯನ್ನು ಕಪ್ಪು ತಂತಿಗೆ ಕ್ಲಿಪ್ಪಿನಿಂದ ಜೋಡಿಸಿ ಫ್ಯಾನ್ ತಿರುಗಿತೆಂದು ಸಂತೋಷಪಡುವುದು ವಿಮರ್ಶೆಯಲ್ಲ. ಸಣ್ಣ ಪರದೆಯ ಎಸ್‌ಎಂಪಿಎಸ್ ಟೆಸ್ಟರುಗಳೂ ಅಷ್ಟೇ. ಅವು ಹಾಕುವ ಹೊರೆ ತೀರಾ ಕಡಿಮೆಯಾದ್ದರಿಂದ ಪೆಟ್ಟಿಗೆಗೆ ಜೀವವಿದೆಯೇ ಎಂಬುದಷ್ಟೇ ತಿಳಿಯುತ್ತದೆ. ಎಲೆಕ್ಟ್ರಾನಿಕ್ ಲೋಡ್ ಯಂತ್ರವಿಲ್ಲದ ಮನೆಯಲ್ಲಿ ಕಂಪ್ಯೂಟರನ್ನೇ ಹೊರೆಯಾಗಿ ಬಳಸಬೇಕು: ಪ್ರೊಸೆಸರಿಗೆ ಪ್ರೈಮ್95, ಗ್ರಾಫಿಕ್ಸ್ ಕಾರ್ಡಿಗೆ ಫರ್‌ಮಾರ್ಕ್ ಎಂಬ ತಂತ್ರಾಂಶಗಳನ್ನು ಓಡಿಸಿ, ಅರ್ಧ ಗಂಟೆ ಬಿಟ್ಟು, ಪೆಟ್ಟಿಗೆ ಬಿಸಿಯಾದ ಮೇಲೆ ಅಳತೆ ತೆಗೆದುಕೊಳ್ಳಬೇಕು. ಪ್ಲಗ್ಗಿಗೂ ಕಂಪ್ಯೂಟರಿಗೂ ನಡುವೆ ಒಂದು ವಾಟ್ ಮೀಟರ್ ಇರಲಿ. ಅದು 400 ವಾಟ್ ತೋರಿಸಿ ದಕ್ಷತೆ ಶೇ 90 ಇದ್ದರೆ ಒಳಗಿನ ಭಾಗಗಳಿಗೆ ತಲುಪುತ್ತಿರುವುದು 360 ವಾಟ್. ಅಂದರೆ ಹೀಗೆ 850 ವಾಟಿನ ಪೆಟ್ಟಿಗೆಯನ್ನು ಪರೀಕ್ಷಿಸಿದವರು ಅದನ್ನು ಅರ್ಧ ಹೊರೆಗೂ ಮುಟ್ಟಿಸಿಲ್ಲ. ಆ ಮಾತನ್ನು ಓದುಗರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಮಲ್ಟಿಮೀಟರಿನ ಮೊನೆಯನ್ನು ಕನೆಕ್ಟರಿನ ಹಿಂಬದಿಯಿಂದ ತೂರಿಸಿ, ಪಕ್ಕದ ಪಿನ್ನಿಗೆ ತಾಗದಂತೆ ಹಿಡಿದು ವೋಲ್ಟೇಜ್ ನೋಡಬೇಕು. ಎಸ್‌ಎಂಪಿಎಸ್ ತಯಾರಕರು ಪಾಲಿಸುವ ಎಟಿಎಕ್ಸ್ ಮಾನದಂಡದ ಹಳೆಯ ಆವೃತ್ತಿಗಳ ಪ್ರಕಾರ 12, 5 ಮತ್ತು 3.3 ವೋಲ್ಟಿನ ಸಾಲುಗಳಲ್ಲಿ ಶೇ 5ರಷ್ಟು ಏರಿಳಿತಕ್ಕೆ ಅವಕಾಶವಿದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ 12 ವೋಲ್ಟ್ ಸಾಲು 11.40ರಿಂದ 12.60ರ ಒಳಗೆ, 5 ವೋಲ್ಟ್ ಸಾಲು 4.75ರಿಂದ 5.25ರ ಒಳಗೆ ಇರಬೇಕು. ಮಿತಿಯೊಳಗಿದೆ ಎಂಬುದಕ್ಕಿಂತ ಹೊರೆ ಬಿದ್ದಾಗ ಎಷ್ಟು ಇಳಿಯಿತು ಎಂಬುದು ಮುಖ್ಯ. ಬಿಡುವಿನಲ್ಲಿ 12.10 ಇದ್ದದ್ದು ಆಟ ಆಡುವಾಗ 11.95ಕ್ಕೆ ಬಂದರೆ ಚಿಂತೆಯಿಲ್ಲ, 11.50ಕ್ಕೆ ಕುಸಿದರೆ ಮಿತಿಯೊಳಗಿದ್ದರೂ ನಾನು ಅದನ್ನು ಕೊಳ್ಳಲಾರೆ.

12 ವೋಲ್ಟ್ ಸಾಲಿನಲ್ಲಿ 120 ಮಿಲಿವೋಲ್ಟ್, 5 ಮತ್ತು 3.3ರಲ್ಲಿ 50 ಮಿಲಿವೋಲ್ಟ್ ಮೀರಬಾರದ ಕ್ಷಿಪ್ರ ಏರಿಳಿತವನ್ನು, ಅಂದರೆ ರಿಪಲ್ ಅನ್ನು, ಸಾಮಾನ್ಯ ಮಲ್ಟಿಮೀಟರ್ ಹಿಡಿಯಲಾರದು. ಅದಕ್ಕೆ ವೋಲ್ಟೇಜಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪನ್ನು 20 ಮೆಗಾಹರ್ಟ್ಸ್ ಮಿತಿಗೆ ಇಳಿಸಿ, ಅಳೆಯುವ ಜಾಗದಲ್ಲಿ 10 ಮೈಕ್ರೊಫ್ಯಾರಡ್ ಮತ್ತು 0.1 ಮೈಕ್ರೊಫ್ಯಾರಡ್ ಕೆಪಾಸಿಟರುಗಳನ್ನು ಜೋಡಿಸಬೇಕು. ಸ್ಕೋಪ್ ಇಲ್ಲದವರು ರಿಪಲ್ ಬಗ್ಗೆ ಬರೆಯದಿರುವುದೇ ಲೇಸು. ಒಳಗಿನ ಕೆಪಾಸಿಟರುಗಳ ಫೋಟೊ ತೆಗೆಯುವ ಆಸೆಗೆ ಮುಚ್ಚಳ ಬಿಚ್ಚುವುದಂತೂ ಬೇಡವೇ ಬೇಡ: ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 400 ವೋಲ್ಟಿನ ಹತ್ತಿರದ ವಿದ್ಯುತ್ತು ಉಳಿದಿರಬಹುದು, ವಾರಂಟಿಯೂ ಅಲ್ಲಿಗೇ ಮುಗಿಯುತ್ತದೆ.

ಕರೆಂಟು ಹೋದ ಆ ಕ್ಷಣ

ನಮ್ಮೂರಿನ ಓದುಗರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಪರೀಕ್ಷೆ ಇದು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತ 20 ಮಿಲಿಸೆಕೆಂಡ್. ವಿದ್ಯುತ್ತು ನಿಂತ ಮೇಲೂ ಎಸ್‌ಎಂಪಿಎಸ್ ತನ್ನೊಳಗಿನ ದೊಡ್ಡ ಕೆಪಾಸಿಟರಿನ ಬಲದಿಂದ ಸ್ವಲ್ಪ ಹೊತ್ತು ವೋಲ್ಟೇಜ್ ಹಿಡಿದಿಡುತ್ತದೆ. ಹಳೆಯ ಎಟಿಎಕ್ಸ್ ಮಾನದಂಡಗಳು ಇದಕ್ಕೆ ಕನಿಷ್ಠ 16–17 ಮಿಲಿಸೆಕೆಂಡ್ ಕೇಳಿದರೆ, 2022ರ ಎಟಿಎಕ್ಸ್ 3.0 ಶೇ 80 ಹೊರೆಗೆ 17, ಪೂರ್ಣ ಹೊರೆಗೆ 12 ಮಿಲಿಸೆಕೆಂಡ್ ಎಂದು ಹೇಳಿತು. ಮನೆಯಲ್ಲಿ ಬಳಸುವ ಸಾಧಾರಣ ಯುಪಿಎಸ್ ಬ್ಯಾಟರಿಗೆ ಹೊರಳಲು ಕೆಲವು ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಕೆಪಾಸಿಟರಿನಲ್ಲಿ ಉಳಿತಾಯ ಮಾಡಿದ ಪೆಟ್ಟಿಗೆ ಅಷ್ಟು ಹೊತ್ತೂ ತಾಳದೆ, ಯುಪಿಎಸ್ ಇದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಮನೆಯವರು ಬೈಯುವುದು ಮಾತ್ರ ಯುಪಿಎಸ್ ಅನ್ನು.

ಪರೀಕ್ಷೆಗೆ ಬೇಡದ ಡಿಸ್ಕೊಂದರಲ್ಲಿ ವಿಂಡೋಸ್ ಹಾಕಿಕೊಂಡು, ಕಂಪ್ಯೂಟರನ್ನು ಯುಪಿಎಸ್‌ಗೆ ಜೋಡಿಸಿ, ಯುಪಿಎಸ್‌ನ ಗೋಡೆಯ ಸ್ವಿಚ್ ಆರಿಸಬೇಕು. ಪ್ಲಗ್ ಕೀಳಬಾರದು, ಕಿತ್ತರೆ ಅರ್ಥ್ ಕೂಡ ತಪ್ಪಿಹೋಗುತ್ತದೆ. ಬಿಡುವಿನಲ್ಲಿ ಹತ್ತು ಸಲ, ಆಟದ ಹೊರೆಯಲ್ಲಿ ಹತ್ತು ಸಲ ಹೀಗೆ ಮಾಡಿ ಎಷ್ಟು ಸಲ ನಿಂತುಹೋಯಿತೆಂದು ಬರೆದಿಟ್ಟುಕೊಳ್ಳಬೇಕು. ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಎಳೆಯುವ ಕರೆಂಟನ್ನು ವೋಲ್ಟೇಜಿನ ಅಲೆಗೆ ಹೊಂದಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗಳಲ್ಲಿ ಕೆಲವು, ಮೆಟ್ಟಿಲಿನಾಕಾರದ ಅಲೆ ಕೊಡುವ ಅಗ್ಗದ ಯುಪಿಎಸ್‌ಗಳ ಜೊತೆ ಹೊಂದುವುದಿಲ್ಲ. ಶುದ್ಧ ಸೈನ್ ಅಲೆಯ ಯುಪಿಎಸ್ ಒಂದನ್ನು ಗೆಳೆಯರಿಂದ ತಂದು ಎರಡರಲ್ಲೂ ನೋಡಿದರೆ ತಪ್ಪು ಯಾರದೆಂದು ತಿಳಿಯುತ್ತದೆ. ಯುಪಿಎಸ್‌ನ ವಾಟ್ ಮಿತಿಯನ್ನೂ ನೋಡಬೇಕು. 600 ವಿಎ ಎಂದು ಮಾರುವ ಎಷ್ಟೋ ಯುಪಿಎಸ್‌ಗಳು ಹೊರುವುದು 360 ವಾಟ್.

ಕೇಬಲ್ಲುಗಳು ಮತ್ತು ಇತರೆ

ಬಣ್ಣದ ಹೆಣೆದ ಕೇಬಲ್ಲುಗಳ ಅಂದವನ್ನು ಓದುಗರೇ ನೋಡಿಕೊಳ್ಳುತ್ತಾರೆ. ಹೇಳಬೇಕಾದದ್ದು ಬೇರೆ: ಕೇಬಲ್ಲುಗಳನ್ನು ಪೆಟ್ಟಿಗೆಯಿಂದ ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ ಪೆಟ್ಟಿಗೆಯ ಕಡೆಯ ತುದಿಯ ಪಿನ್ ಜೋಡಣೆಗೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಒಂದು ಕಂಪನಿಯ ಸಾಟಾ (ಡಿಸ್ಕಿಗೆ ವಿದ್ಯುತ್ತು ಕೊಡುವ) ಕೇಬಲ್ ಇನ್ನೊಂದರ ಪೆಟ್ಟಿಗೆಗೆ ಸಲೀಸಾಗಿ ಕೂರಬಹುದು, ಆದರೆ 5 ವೋಲ್ಟ್ ಹೋಗಬೇಕಾದ ಜಾಗಕ್ಕೆ 12 ವೋಲ್ಟ್ ಹೋಗಿ ಡಿಸ್ಕ್ ಕ್ಷಣದಲ್ಲಿ ಸುಡಬಹುದು. ಹಳೆಯ ನಾಲ್ಕು ಪಿನ್ನಿನ ಕನೆಕ್ಟರಾದ ಮೊಲೆಕ್ಸ್‌ನಿಂದ ಸಾಟಾಕ್ಕೆ ಹೊರಳಿಸುವ ಅಡಾಪ್ಟರುಗಳಲ್ಲಿ ತಂತಿಗಳ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಮಾದರಿ ಹತ್ತಿಕೊಂಡು ಉರಿದ ಪ್ರಕರಣಗಳಿರುವುದರಿಂದ ಒಂದೊಂದು ತಂತಿಯೂ ಬೇರೆಯಾಗಿ ಕಾಣುವ ಮಾದರಿಯನ್ನೇ ಸೂಚಿಸಬೇಕು. ಹೊಸ ಗ್ರಾಫಿಕ್ಸ್ ಕಾರ್ಡುಗಳ 16 ಪಿನ್ನಿನ ಕನೆಕ್ಟರ್ 600 ವಾಟ್‌ವರೆಗೆ ಸಾಗಿಸುತ್ತದೆ. ಅದು ಪೂರ್ತಿ ಒಳಗೆ ಕೂತಿದೆಯೇ, ಕ್ಯಾಬಿನೆಟ್ಟಿನ ಗಾಜು ಮುಚ್ಚಿದಾಗ ಬುಡದಲ್ಲೇ ಬಾಗುತ್ತದೆಯೇ ಎಂಬುದನ್ನು ಫೋಟೊ ಸಮೇತ ತೋರಿಸಬೇಕು.

ಸದ್ದನ್ನು ಹಗಲಿನಲ್ಲಿ ಅಳೆದು ಪ್ರಯೋಜನವಿಲ್ಲ. ರಾತ್ರಿ ವಾಹನಗಳ ಹಾರ್ನ್ ನಿಂತ ಮೇಲೆ ಕೂರಬೇಕು.

ಬರೆಯುವಾಗ ಮಾದರಿಯ ಪೂರ್ಣ ಸಂಖ್ಯೆಯನ್ನು ಕೊಡಬೇಕು, ಏಕೆಂದರೆ ಹೆಸರು ಅದೇ ಇದ್ದರೂ ಒಳಗಿನ ವಿನ್ಯಾಸ ಬದಲಾಗುವುದುಂಟು. ಪೆಟ್ಟಿಗೆಯನ್ನು ಕೊಂಡದ್ದೋ ಕಂಪನಿ ಕಳಿಸಿದ್ದೋ ಎಂಬುದನ್ನು ಮೊದಲೇ ಹೇಳಬೇಕು. ಜಾಹೀರಾತು ಕ್ಷೇತ್ರದ ಸ್ವನಿಯಂತ್ರಣ ಮಂಡಳಿ ಎಎಸ್‌ಸಿಐ 2021ರಲ್ಲಿಯೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ವಾರಂಟಿ ಎಷ್ಟು ವರ್ಷ ಎಂಬುದರ ಜೊತೆಗೆ ಸರ್ವಿಸ್ ಸೆಂಟರ್ ಬೆಂಗಳೂರಿನಲ್ಲಿದೆಯೇ, ಪೆಟ್ಟಿಗೆಯನ್ನು ಬೇರೆ ಊರಿಗೆ ಕೊರಿಯರ್ ಮಾಡಬೇಕೇ, ಆ ಖರ್ಚು ಯಾರದು ಎಂದು ಫೋನ್ ಮಾಡಿ ಕೇಳಿ ತಿಳಿದು ಬರೆಯಬೇಕು. ಮೂರು ತಿಂಗಳು ಬಳಸಿದ ಮೇಲೆ ಅದೇ ಹೊರೆಯಲ್ಲಿ 12 ವೋಲ್ಟ್ ಸಾಲನ್ನು ಮತ್ತೊಮ್ಮೆ ಅಳೆದು, ಹೊಸ ಅಂಕಿಯನ್ನು ಹಳೆಯದರ ಪಕ್ಕದಲ್ಲಿ ದಿನಾಂಕದೊಂದಿಗೆ ಸೇರಿಸಬೇಕು.