'ಇಲ್ಲ' ಎನ್ನುತ್ತಾ ಪ್ರಶ್ನೆ ಕೇಳಲು ಕಲಿತೆ

ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಪ್ರಶ್ನೆ ಕೇಳುವಾಗಲೇ ನಾಲಿಗೆ ತಡವರಿಸುತ್ತಿತ್ತು. ಮೊದಲು 'ವೇರ್ ಯು ವೆಂಟ್?' ಎನ್ನುತ್ತಿದ್ದೆ. ಯಾರೋ ತಿದ್ದಿದ ಮೇಲೆ 'ವೇರ್ ಡಿಡ್ ಯು ವೆಂಟ್?' ಶುರುವಾಯಿತು. ಎರಡೂ ತಪ್ಪೇ.

ಕನ್ನಡದಲ್ಲಿ ಕೊನೆಗೊಂದು 'ಆ' ಸೇರಿಸಿದರೆ ಆಯಿತು. 'ಅವನು ಬಂದ', 'ಅವನು ಬಂದನಾ?'. ಪದಗಳು ಕೂತ ಜಾಗ ಬಿಟ್ಟು ಏಳುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಪದ ಎದ್ದು ಕರ್ತೃವಿನ ಮುಂದೆ ಬರಬೇಕು. 'ಶಿ ಈಸ್ ರೆಡಿ' ಇದ್ದದ್ದು 'ಈಸ್ ಶಿ ರೆಡಿ?' ಆಗುತ್ತದೆ. ಕ್ಯಾನ್, ವಿಲ್ ಇದ್ದಾಗಲೂ ಅಷ್ಟೇ. ಇದು ಬೇಗ ಬಂತು.

ಆದರೆ 'ಹಿ ವೆಂಟ್' ಎಂಬಲ್ಲಿ ಎಬ್ಬಿಸಲು ಅಂಥ ಪದ ಎಲ್ಲಿದೆ? ಬಹಳ ದಿನ ಇಲ್ಲೇ ಸಿಕ್ಕಿಬಿದ್ದಿದ್ದೆ. ದಾರಿ ತೋರಿಸಿದ್ದು 'ಇಲ್ಲ' ಎನ್ನುವ ವಾಕ್ಯ. ಅವನು ಹೋಗಲಿಲ್ಲ ಎನ್ನಲು 'ಹಿ ಡಿಡ್ ನಾಟ್ ಗೋ' ಎಂದು ತಪ್ಪಿಲ್ಲದೆ ಹೇಳುತ್ತಿದ್ದೆ. ಅದರಲ್ಲೇ 'ಡಿಡ್' ಕಾಣುತ್ತಿದೆ ಅಲ್ವಾ! 'ನಾಟ್' ತೆಗೆದು 'ಡಿಡ್' ಮುಂದಿಟ್ಟರೆ 'ಡಿಡ್ ಹಿ ಗೋ?' ಸಿದ್ಧ. ಭೂತಕಾಲವನ್ನು 'ಡಿಡ್' ಹೊತ್ತುಕೊಂಡ ಮೇಲೆ 'ವೆಂಟ್' ಸುಮ್ನೆ 'ಗೋ' ಆಗಿ ಉಳಿಯುತ್ತದೆ. 'ಶಿ ಲೈಕ್ಸ್ ಇಟ್' ಕೂಡ ಹೀಗೆಯೇ. 'ಶಿ ಡಸ್ ನಾಟ್ ಲೈಕ್ ಇಟ್' ಎಂದುಕೊಂಡೆ, 'ಡಸ್ ಶಿ ಲೈಕ್ ಇಟ್?' ಬಂತು. 'ಲೈಕ್ಸ್'ನ ಕೊನೆಯ 'ಸ್' ಯಾಕೆ ಹೋಯಿತು ಎಂದು ಆಗ ತಿಳಿಯಿತು. ಅದು 'ಡಸ್' ಒಳಗೆ ಸೇರಿಕೊಂಡಿದೆ.

ದಿನಾ ಹತ್ತು ವಾಕ್ಯ ಬರೆಯುತ್ತಿದ್ದೆ. ಒಂದೊಂದನ್ನೂ ಮೊದಲು 'ಇಲ್ಲ' ಮಾಡಿ, ಆಮೇಲೆ ಪ್ರಶ್ನೆ ಮಾಡಿ, ಜೋರಾಗಿ ಓದುತ್ತಿದ್ದೆ. ಬರೆಯುವುದಕ್ಕಿಂತ ಜೋರಾಗಿ ಓದಿದ್ದೇ ಜಾಸ್ತಿ ಉಪಯೋಗಕ್ಕೆ ಬಂತು.

ಇಂಗ್ಲಿಷಿನ 'ಹೂ' (who) ಬಂದಾಗ ಮಾತ್ರ ಕನ್ನಡವೇ ಕೈಹಿಡಿಯಿತು. 'ಯಾರು' ಎಂದಾದರೆ 'ಡಿಡ್' ಬೇಡ, 'ಯಾರನ್ನು' ಎಂದಾದರೆ ಬೇಕು. 'ನಿನ್ನನ್ನು ಯಾರು ಕರೆದರು?' ಎನ್ನಲು 'ಹೂ ಕಾಲ್ಡ್ ಯು?'. 'ನೀನು ಯಾರನ್ನು ಕರೆದೆ?' ಎನ್ನಲು 'ಹೂ ಡಿಡ್ ಯು ಕಾಲ್?'.

ಇಷ್ಟು ರೂಢಿಯಾದ ಮೇಲೆ ಹೊಸ ತಪ್ಪೊಂದು ಹುಟ್ಟಿತು. 'ಡು ಯು ನೋ ವೇರ್ ಈಸ್ ಹಿ?' ಎನ್ನತೊಡಗಿದೆ. ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದ್ದರೆ ಒಳಗಿನದು ತಿರುಗಬಾರದು. 'ವೇರ್ ಹಿ ಈಸ್' ಎಂದೇ ಇರಬೇಕು. ಅವಸರದಲ್ಲಿ ಇದೊಂದು ಈಗಲೂ ತಪ್ಪುತ್ತದೆ. ಆಗ ಅಲ್ಲೇ ನಿಂತು, ಸರಿಮಾಡಿ ಇನ್ನೊಮ್ಮೆ ಕೇಳುತ್ತೇನೆ.